ಟೌನ್‌ಶಿಪ್ಪಿನ ಹಿಂದಿನ ಜಲಪಾತ

ವಿಜಯವಾಡದಲ್ಲಿದ್ದ ನನ್ನ ಅಕ್ಕ ಫೋನಿನಲ್ಲಿ ಕೃಷ್ಣಾ ನದಿಯನ್ನು ತನ್ನ ಸ್ವಯಾರ್ಜಿತ ಆಸ್ತಿಯಂತೆ ವರ್ಣಿಸುತ್ತಿದ್ದಳು. "ಇಂದ್ರಕೀಲಾದ್ರಿ ಬೆಟ್ಟದ ಮೆಟ್ಟಿಲ ಮೇಲಿಂದ ನೋಡಬೇಕು ಕಣೇ." ವಿಶಾಖಪಟ್ಟಣದಲ್ಲಿ ನಮಗೆ ಸಮುದ್ರವೇ ಇತ್ತು. ಅದನ್ನು "ಉಪ್ಪುನೀರು ಯಾರಿಗೆ ಬೇಕು?" ಎಂದು ತಳ್ಳಿಹಾಕಿದ್ದಳು. ಕೊನೆಗೆ ರೇಗಿ, "ನಮ್ಮ ಟೌನ್‌ಶಿಪ್ಪಿನ ಹಿಂದಿನ ಕಾಡಲ್ಲಿ ಜಲಪಾತ ಇದೆ, ಕಾರ್ತಿಕದ ವನಭೋಜನಕ್ಕೆ ಬಾ" ಎಂದುಬಿಟ್ಟೆ.

ಜಲಪಾತ ಇದ್ದದ್ದು ನಿಜ. ಅದರ ಚರಿತ್ರೆಯನ್ನು ಮಾತ್ರ, ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿದ ನಾನು ಹೇಳಲಿಲ್ಲ. ಬಂಡೆಯ ಗೋಡೆ, ನಮ್ಮ ಉಕ್ಕಿನ ಕಾರ್ಖಾನೆ ಕಟ್ಟುವಾಗ ಕಲ್ಲಿಗಾಗಿ ಸಿಡಿಮದ್ದಿಟ್ಟು ಸೀಳಿದ ಗುಡ್ಡ. ಕಾಡು, ಹೊಗೆಗೆ ಪ್ರಾಯಶ್ಚಿತ್ತವಾಗಿ ಕಾರ್ಖಾನೆಯವರೇ ನೆಟ್ಟ ನೀಲಗಿರಿ, ಗೇರು. ನೀರು, ಗುಡ್ಡದ ಮೇಲೆ ಹಾದುಹೋಗುವ ಹಳೆಯ ಪೈಪಿನ ಸೋರಿಕೆ. ಪ್ರಕೃತಿಯ ಕೊಡುಗೆ ಗುರುತ್ವಾಕರ್ಷಣೆ ಒಂದೇ. ಆದರೂ ನಾವು ಹೆಂಗಸರು ಆ ಬಂಡೆಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದೆವು.

ಅಕ್ಕ, ಭಾವ ಬರುವ ವಾರವೇ ಕಾರ್ಖಾನೆಯಲ್ಲಿ ನೀರು ಉಳಿಸುವ ಅಭಿಯಾನ ಶುರುವಾಯಿತು. ಪೈಪಿನ ದುರಸ್ತಿ, ಅಲ್ಲಿ ಎಂಜಿನಿಯರ್ ಆಗಿದ್ದ ನಮ್ಮ ಮನೆಯವರ ಪಾಲಿಗೆ ಬಂತು.

"ಸೋಮವಾರ ಮುಚ್ಚಿದ್ರೆ ಆಗಲ್ವೇನ್ರೀ? ನನ್ನ ಮರ್ಯಾದೆ ಪ್ರಶ್ನೆ."

"ಇಷ್ಟು ವರ್ಷ ಸೋರಿ ನಮ್ಮ ಡಿಪಾರ್ಟ್‌ಮೆಂಟಿನ ಮರ್ಯಾದೆ ಹೋಗಿದೆ. ನಿಮ್ಮಕ್ಕನಿಗೆ ಸಮುದ್ರ ತೋರಿಸು."

ಶನಿವಾರ ವೆಲ್ಡಿಂಗ್ ಮುಗಿಯಿತು. ಭಾನುವಾರ ಮಕ್ಕಳನ್ನೂ ಕಟ್ಟಿಕೊಂಡು ಪುಳಿಯೋಗರೆ ಡಬ್ಬಿ ಹೊತ್ತು ಹೋದರೆ ಬಂಡೆಯ ಮೇಲೆ ಪಾಚಿ ಇತ್ತು, ನೀರಿರಲಿಲ್ಲ. ನಮ್ಮ ಮನೆಯವರು ಮಾತ್ರ ಸಡಗರದಿಂದ ಭಾವನನ್ನು ಗುಡ್ಡ ಹತ್ತಿಸಿದರು. "ನೋಡಿ, ಒಂದು ಹನಿ ಬರಲ್ಲ!" ಭಾವನೂ ಎಂಜಿನಿಯರ್. ಬೆಸುಗೆಯ ಮೇಲೆ ಬೆರಳಾಡಿಸಿ "ಬಾಗುಂದಿ, ಚಾಲಾ ಬಾಗುಂದಿ" ಎಂದು ತೆಲುಗಿನಲ್ಲೇ ಹೊಗಳಿ ಕರಗಿಹೋದರು. ಪೈಪಿನ ಪಕ್ಕ ನಿಂತು ಫೋಟೊ ಬೇರೆ ತೆಗೆದುಕೊಂಡರು.

ಕೆಳಗೆ ಅಕ್ಕ ಬಂಡೆಯನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಒಳ್ಳೇದೇ ಆಯ್ತು ಬಿಡೆ. ಮಕ್ಕಳು ಮುಳುಗೋ ಭಯ ಇಲ್ಲ."

"ನಗಬೇಡ. ಮೊನ್ನೆವರೆಗೂ ಭೋರ್ಗರೀತಿತ್ತು."

ನಿಜಕ್ಕೂ ಭೋರ್ಗರೆಯುತ್ತಿತ್ತೇ? ಆ ಸದ್ದು ಈಗಲೂ ಕಿವಿಯಲ್ಲಿದೆ. ಆದರೆ ಅದು ಗೇರುತೋಪಿನ ಆಚೆ ಅದಿರು ಹೊತ್ತು ಹೋಗುತ್ತಿದ್ದ ಗೂಡ್ಸ್ ರೈಲಿನದೂ ಇರಬಹುದು.

"ಎಷ್ಟು ಅಗಲ ಬೀಳ್ತಿತ್ತೇ?"

ನಾನು ಎರಡೂ ತೋಳು ಚಾಚಿ ತೋರಿಸಿದೆ. ಅಷ್ಟರಲ್ಲಿ ಗುಡ್ಡ ಇಳಿದು ಬಂದ ನಮ್ಮ ಮನೆಯವರು ನನ್ನ ಎರಡು ಕೈಗಳನ್ನೂ ಹಿಡಿದು ಹತ್ತಿರ ಹತ್ತಿರ ತಂದು, ನಡುವೆ ಒಂದು ಚೊಂಬು ಹಿಡಿಸುವಷ್ಟು ಜಾಗ ಉಳಿದಾಗ ನಿಲ್ಲಿಸಿದರು.