ಚಿಕ್ಕಮ್ಮನ ಕಣ್ಣು ಮತ್ತು ಮೇಷ್ಟ್ರ ಪ್ರಶ್ನೆ

ಮೇಷ್ಟ್ರ ಬಲಗೈಯ ತೋರುಬೆರಳಿನ ತುದಿ ಸದಾ ಬೆಳ್ಳಗಿರುತ್ತಿತ್ತು. ನಾವು ಬರೆದದ್ದರಲ್ಲಿ ಬೇಡವಾದ ಪದವನ್ನಷ್ಟೇ ಆ ಬೆರಳಿನಿಂದ ತಿಕ್ಕಿ ಅಳಿಸಿ ಸ್ಲೇಟನ್ನು ಹಿಂದಕ್ಕೆ ಕೊಡುತ್ತಿದ್ದರು. ನಂಗಲಿ ಕಡೆಯವರು, ಮಾತಿನ ನಡುವೆ ತೆಲುಗು ನುಗ್ಗಿಬಿಡುತ್ತಿತ್ತು. "ಬಾಗಲೇದಮ್ಮಾ, ಚೆನ್ನಾಗಿಲ್ಲ. ನಡ್ಕೊಂಡು ಹೋಗಿ ನೋಡ್ಕೊಂಡು ಬರೋ ಅಂಥ ಪ್ರಶ್ನೆ ಬರಿ."

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳವು. ಹುತ್ತೂರಿನ ನಮ್ಮ ಶಾಲೆಯಲ್ಲಿ ಶನಿವಾರ ಪಾಠವಿರಲಿಲ್ಲ. ಒಬ್ಬೊಬ್ಬರೂ ಒಂದು ಪ್ರಶ್ನೆ ತರಬೇಕು. ಮೇಷ್ಟ್ರು ಒಪ್ಪಿದರೆ ಉತ್ತರ ಹುಡುಕುತ್ತ ಊರು ಸುತ್ತಬಹುದು. "ಕೆರೆ ಎಂದರೇನು?" ಎಂದು ಬರೆದವನಿಗೆ, "ಅದು ಪುಸ್ತಕದಲ್ಲೇ ಐತಲ್ಲೋ, ಕೆರೆ ತನಕ ಯಾಕೆ ಹೋಗ್ತೀಯ?" ಎಂದು ನಕ್ಕಿದ್ದರು. ಅವನು ಮೂರು ಸಲ ತಿದ್ದಿ, "ನಮ್ಮ ಕೆರೆಗೆ ನೀರು ಎಲ್ಲೆಲ್ಲಿಂದ ಬರುತ್ತದೆ?" ಎಂದು ತಂದಾಗ ಇಡೀ ತರಗತಿಯನ್ನೇ ಅವನ ಹಿಂದೆ ಕಳಿಸಿದರು.

ಆ ಮಳೆಗಾಲ ಊರಿನ ಎಷ್ಟೋ ಮನೆಗಳಲ್ಲಿ ರೇಷ್ಮೆಹುಳು ಗೂಡು ಕಟ್ಟುವ ಮೊದಲೇ ಕಪ್ಪಾಗಿ ಸತ್ತವು. ನಮ್ಮ ಮನೆಯಲ್ಲೂ ತಟ್ಟೆಗಟ್ಟಲೆ ತಿಪ್ಪೆಗೆ ಹೋದವು. ಅಜ್ಜಿ ದೂರಿದ್ದು ಚಿಕ್ಕಮ್ಮನನ್ನು. ಚಿಕ್ಕಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. "ಇವಳ ಕಣ್ಣು ಬಿದ್ದೇ ಹಿಂಗಾಗಿದ್ದು. ಸೋಮವಾರದ ಬಸ್ಸಿಗೆ ಶ್ರೀನಿವಾಸಪುರಕ್ಕೆ, ಅವರಣ್ಣನ ಮನೆಗೆ ಕಳಿಸಿಬಿಡು," ಎಂದು ಅಪ್ಪನಿಗೆ ಹೇಳಿದಳು. ನನಗೆ ಜಡೆ ಹೆಣೆಯುತ್ತಿದ್ದ ಚಿಕ್ಕಮ್ಮನ ಕೈ ಹಾಗೇ ನಿಂತುಬಿಟ್ಟಿತು.

ಶನಿವಾರ ನಾನು ಬರೆದೆ: "ಚಿಕ್ಕಮ್ಮನ ಕಣ್ಣು ಬಿದ್ದು ಹುಳು ಸತ್ತವೇ?" ಮೇಷ್ಟ್ರು ಓದಿ ಅಷ್ಟನ್ನೂ ಅಳಿಸಿದರು. "ಹೌದು ಅನ್ನೋರು ಹೌದು ಅಂತಾರೆ, ಇಲ್ಲ ಅನ್ನೋರು ಇಲ್ಲ ಅಂತಾರೆ. ನಿಂಗೇನು ಸಿಕ್ತು?"

"ಹುಳು ಯಾಕೆ ಸತ್ತವು?" ಎಂದು ಬರೆದೆ.

"ಯಾಕೆ ಅಂದ್ರೆ ಊರೋರೆಲ್ಲ ಕಥೆ ಕಟ್ತಾರೆ ಕಣಮ್ಮ. ಎಲ್ಲರ ಮನೇಲೂ ಸತ್ತವಾ?"

"ಇಲ್ಲ ಸಾರ್."

"ಹಂಗಾದ್ರೆ?"

ಅಳುತ್ತಲೇ ಬರೆದೆ: "ಯಾವ ಮನೆಗಳಲ್ಲಿ ಸತ್ತವು, ಯಾವ ಮನೆಗಳಲ್ಲಿ ಬದುಕಿದವು? ಬದುಕಿದ ಮನೆಯವರು ಬೇರೆ ಥರ ಏನು ಮಾಡಿದರು?" ಮೇಷ್ಟ್ರು ಒಂದಕ್ಷರವನ್ನೂ ಮುಟ್ಟಲಿಲ್ಲ. "ಹೋಗು," ಎಂದರು.

ಗೆಳತಿಯೊಬ್ಬಳನ್ನು ಕರೆದುಕೊಂಡು ಹುಳು ಸಾಕುವ ಮನೆಗಳನ್ನೆಲ್ಲ ಸುತ್ತಿದೆ. ಹುಳು ಸತ್ತ ಮನೆಗಳವರು, ನಮ್ಮ ಮನೆಯವರೂ ಸೇರಿ, ಮಳೆಯಲ್ಲಿ ಕೊಯ್ದ ಸೊಪ್ಪನ್ನು ಒದ್ದೆಯಾಗಿಯೇ ಹಾಕಿದ್ದರು. ಬದುಕಿದ ಮನೆಗಳಲ್ಲಿ ಸೊಪ್ಪನ್ನು ಹರವಿ, ನೀರು ಆರಿಸಿ ಹಾಕಿದ್ದರು. ಅದಿರಲಿ, ಗಂಡ ಸತ್ತಂದಿನಿಂದ ಚಿಕ್ಕಮ್ಮ ಯಾರ ಹೊಸಿಲನ್ನೂ ತುಳಿದಿರಲಿಲ್ಲ. ಆ ಮನೆಗಳ ಹುಳುವಿನ ಮೇಲೆ ಅವಳ ಕಣ್ಣು ಬೀಳುವುದಾದರೂ ಹೇಗೆ?

ಭಾನುವಾರ ಸಂಜೆ ಮೇಷ್ಟ್ರೇ ನಮ್ಮ ಜಗಲಿಗೆ ಬಂದು ಕೂತರು. ಮನೆಮನೆಯಲ್ಲಿ ಕೇಳಿ ಬರೆದುಕೊಂಡಿದ್ದನ್ನೆಲ್ಲ ನನ್ನ ಕೈಲೇ ಓದಿಸಿದರು. ಅಪ್ಪ ತಲೆ ತಗ್ಗಿಸಿದ. "ಮೊನ್ನೆ ಹುಟ್ಟಿದ್ದು ನಂಗೆ ಹುಳ ಸಾಕೋದು ಹೇಳ್ಕೊಡುತ್ತೆ," ಎಂದು ಗೊಣಗುತ್ತ ಅಜ್ಜಿ ಒಳಗೆ ಹೋದಳು. ಸೋಮವಾರದ ಬಸ್ಸು ಚಿಕ್ಕಮ್ಮನಿಲ್ಲದೆ ಹೋಯಿತು. ಮುಂದಿನ ಸಲ ಹುಳು ತಂದಾಗ ಅಜ್ಜಿ ಸೊಪ್ಪಿನ ಕುಕ್ಕೆಯನ್ನು ಅವಳ ಮುಂದೆ ತಳ್ಳಿದಳು. "ಆರಿಸಿ ಹಾಕೋದು ಇನ್ಮೇಲೆ ನಿನ್ನ ಕೆಲಸ."

ಮೇಷ್ಟ್ರಿಗೆ ಮಾಲೂರಿಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಅವರು ಅಲ್ಲೇ ತೀರಿಕೊಂಡ ಸುದ್ದಿ ಬಂತು. ನಿಮ್ಮಿಂದ ಚಿಕ್ಕಮ್ಮ ನಮಗೆ ಉಳಿದಳು ಎಂದು ನಾನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ. ಸುದ್ದಿ ಕೇಳಿದ ಚಿಕ್ಕಮ್ಮ ಬಾವಿಕಟ್ಟೆಗೆ ಹೋಗಿ, ಸೇದಿದ ತಣ್ಣೀರನ್ನು ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಸುರಿದುಕೊಂಡಳು. ನಮ್ಮಲ್ಲಿ ಆ ಸ್ನಾನವನ್ನು ರಕ್ತಸಂಬಂಧಿಗಳು ಸತ್ತರೆ ಮಾತ್ರ ಮಾಡುತ್ತಾರೆ.