ಅರ್ಧ ಕಲಿತ ಈಜು

ನಮ್ಮ ಅಕ್ಕನಷ್ಟು ಹೆದರುವ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ. ಬಚ್ಚಲುಮನೆಯಲ್ಲಿ ಯಾರಾದರೂ ಸ್ವಲ್ಪ ಹೊತ್ತು ಸದ್ದಿಲ್ಲದೆ ಇದ್ದರೆ ಹೋಗಿ ಬಾಗಿಲು ಬಡಿಯುತ್ತಾಳೆ. ಇಂಥವಳು ಹೊಟ್ಟೆಪಾಡಿಗೆ ಆರಿಸಿಕೊಂಡದ್ದು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸ. ಸೀಟಿ ಕಚ್ಚಿಕೊಂಡು ಕೊಳದ ಅಂಚಿನಲ್ಲಿ ನಿಂತರೆ ದೇವರೇ ಬಂದು ಕರೆದರೂ ತಿರುಗಿ ನೋಡುವುದಿಲ್ಲ. ನನಗೆ ಮಗಳು ಹುಟ್ಟಿದ ಸುದ್ದಿ ಹೇಳಲು ಓಡಿಹೋದಾಗಲೂ ಅಷ್ಟೇ. "ನೀರು ನೋಡೋವಾಗ ಮಾತಾಡಿಸ್ಬೇಡ, ಆಚೆ ಕೂತ್ಕೋ," ಅಂದಳು. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಕಳೆದ ವರ್ಷ ರಜೆ ಹಾಕಿ, ಸ್ವಯಂಸೇವಕಿಯಾಗಿ ಪರದೇಶಕ್ಕೆ ಹೊರಟಳು. ಅಲ್ಲಿ ನದಿ ದಡದಲ್ಲೊಂದು ಶಾಲೆ. ಮಕ್ಕಳು ದಿನಾ ದೋಣಿಯಲ್ಲಿ ದಾಟಿ ಬರುತ್ತಾರೆ, ಒಬ್ಬರಿಗೂ ಈಜು ಬಾರದು.

"ಸಂಬಳ ಇಲ್ಲ, ಸವಲತ್ತಿಲ್ಲ. ಊರ ಉಸಾಬರಿ ನಿಂಗ್ಯಾಕೆ?" ಅಂದೆ.

"ದೋಣಿ ಮಗುಚಿದ್ರೆ?" ಅಂದಳು. ಅವಳೊಂದಿಗೆ ವಾದಿಸಿ ಗೆದ್ದವರಿಲ್ಲ.

ಆ ಮಕ್ಕಳು ಮೊಣಕಾಲುದ್ದ ನೀರಿಗೂ ಇಳಿಯದೆ ಅಳುತ್ತಿದ್ದರು. ಅಕ್ಕ ಮೊದಲು ಭಯ ಬಿಡಿಸಿದಳು. ನೀರಿನಲ್ಲಿ ಗುಳ್ಳೆ ಊದಿಸಿದಳು, ಅಂಗಾತ ತೇಲಿಸಿದಳು. ಎಲ್ಲರಿಗಿಂತ ಮುಂದಿದ್ದ ಒಬ್ಬ ಪೋರಿಗೆ ಕಪ್ಪೆಮರಿ ಎಂದು ಹೆಸರಿಟ್ಟಳು. ಫೋನ್ ಮಾಡಿದಾಗೆಲ್ಲ ಆ ಪೋರಿಯದೇ ಪುರಾಣ.

ಹಿಂತಿರುಗುವ ದಿನ ಹತ್ತಿರವಾಗಿತ್ತು. ಒಂದು ಬೆಳಿಗ್ಗೆ ಪಾಠಕ್ಕೆ ಮುಂಚೆ ದಡಕ್ಕೆ ಹೋದರೆ, ಕಪ್ಪೆಮರಿ ಒಬ್ಬಳೇ ಸೆಳವಿನ ಹತ್ತಿರ ತೇಲುತ್ತಿದ್ದಳು. ತೇಲಲು ಕಲಿತಿದ್ದಳು, ತಿರುಗಿ ಬರಲು ಇನ್ನೂ ಕಲಿತಿರಲಿಲ್ಲ. ಅಕ್ಕ ಉಟ್ಟ ಬಟ್ಟೆಯಲ್ಲೇ ಧುಮುಕಿ ಎಳೆದುತಂದಳು. ಬೈಯಲು ಬಾಯಿ ತೆರೆದರೆ ಹುಡುಗಿ ನಗುತ್ತ, "ನೀರಿಗೆ ಹೆದರಬಾರ್ದು ಅಂತ ನೀವೇ ಹೇಳಿದ್ರಲ್ಲ," ಅಂದಳು.

ಅಂದು ಅಕ್ಕ ಫೋನಿನಲ್ಲಿ ಇದನ್ನೆಲ್ಲ ಹೇಳಿದಳು. "ನಾನು ಬರೋಕೆ ಮುಂಚೆ ಈ ಮಕ್ಕಳು ನೀರಿನ ಹತ್ರಾನೂ ಸುಳೀತಿರ್ಲಿಲ್ಲ ಕಣೋ. ಅವರನ್ನ ಕಾಯ್ತಿದ್ದ ಭಯಾನ ಕಿತ್ಕೊಂಡೆ, ಈಜೂ ಪೂರ್ತಿ ಕೊಡ್ಲಿಲ್ಲ."

ಅವಳ ಬದಲಿಗೆ ಬರಬೇಕಿದ್ದವರು ಮುಂದಿನ ಬೇಸಿಗೆಗೇ ಬರುವುದೆಂದು, ಅವಳನ್ನು ಕಳಿಸಿದ್ದ ಸಂಸ್ಥೆಯವರು ಕೈಚೆಲ್ಲಿದ್ದರು. ಇವಳ ವೀಸಾ ಮುಗಿಯುತ್ತ ಬಂದಿತ್ತು. ಸಮಾಧಾನ ಹೇಳಲು ಹೋಗಿ ನಾನು ಬೈಸಿಕೊಂಡೆ.

ಕೊನೆಗೆ ಅಕ್ಕ, ಮಕ್ಕಳು ನೀರಿಗಿಳಿದಾಗ ದಡದಲ್ಲಿ ಕಾಯುತ್ತೀರಾ ಎಂದು ಕೇಳಲು ಕಪ್ಪೆಮರಿಯ ತಾಯಿಯ ಬಳಿ ಹೋದಳು. ಆಕೆ ಶಾಲೆಯ ಅಡುಗೆಯವಳು, ಪಾದ ನೆನೆದರೂ ಹಿಂದೆ ಸರಿಯುವ ಪೈಕಿ.

"ನಂಗೇ ಈಜು ಬರಲ್ಲ, ನಾನೇನು ಕಾಯ್ಲಿ?" ಅಂದಳಂತೆ.

"ಈಜೋದು ಬೇಡ. ಒಲೆ ಮೇಲಿನ ಹಾಲು ನೋಡ್ತೀರಲ್ಲ, ಹಾಗೆ ನೀರು ನೋಡ್ತಾ ನಿಂತ್ರೆ ಸಾಕು," ಅಂದಳು ಅಕ್ಕ.

ಉಳಿದ ದಿನಗಳಲ್ಲಿ ಮಕ್ಕಳ ಪಾಠ ನಿಲ್ಲಿಸಿ ಈ ಒಬ್ಬಳಿಗೇ ಕಲಿಸಿದಳು. ತಲೆ ಎಣಿಸುವುದು, ನೀರಲ್ಲಿ ನೆಟ್ಟ ಗೂಟವನ್ನು ಯಾರಾದರೂ ದಾಟಿದರೆ ಸೀಟಿ ಊದುವುದು, ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯುವುದು. ಮೊದಮೊದಲು ಕ್ಯಾನು ಆಕೆಯ ಕಾಲಬುಡದಲ್ಲೇ ಬೀಳುತ್ತಿತ್ತು. ಅಕ್ಕ ಹೊರಡುವ ಹೊತ್ತಿಗೆ ಗೂಟದವರೆಗೂ ಹೋಗುತ್ತಿತ್ತು, ಒಮ್ಮೊಮ್ಮೆ. ಆ ಒಮ್ಮೊಮ್ಮೆಯೇ ಅಕ್ಕನ ಜೊತೆ ವಿಮಾನ ಹತ್ತಿ ಮನೆಗೆ ಬಂತು.

ಬಂದವಳಿಗೆ ಅನ್ನ ಸೇರಲಿಲ್ಲ. ಅಲ್ಲಿ ಮಕ್ಕಳು ನೀರಿಗಿಳಿಯುವ ಹೊತ್ತಾದರೆ ಇಲ್ಲಿ ಒಳಗೂ ಹೊರಗೂ ಓಡಾಟ. ಫೋನ್ ಮಾಡಿದರೆ ಅಡುಗೆಯವಳು ಎತ್ತುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ಎಲ್ಲರೂ ಚೆನ್ನಾಗಿದ್ದಾರೆ ಎಂದು ಚುಟುಕು ಸಂದೇಶ ಬರುತ್ತಿತ್ತು.

"ನನ್ನ ಸಮಾಧಾನಕ್ಕೆ ಬರೀತಾಳೆ. ದಡಕ್ಕೆ ಹೋಗ್ತಾನೇ ಇಲ್ಲ ಅನ್ಸುತ್ತೆ," ಎಂದು ಅಕ್ಕ ಗೊಣಗುವಳು. ಅವಳನ್ನು ಗೇಲಿ ಮಾಡುತ್ತಿದ್ದ ನಾನೂ ಸಂದೇಶ ಬಂತಾ ಎಂದು ದಿನಾ ಕೇಳತೊಡಗಿದ್ದೆ.

ಮೊನ್ನೆ ಅಕ್ಕ ಬಿಡದೆ ಫೋನ್ ಮಾಡಿದಳು. ಕೊನೆಗೂ ಆಕೆ ಎತ್ತಿದಳು. ಮಕ್ಕಳ ಗಲಾಟೆ, ನೀರು ಬಡಿಯುವ ಸದ್ದು, ಕಿವಿ ಕೊರೆಯುವಂಥ ಒಂದು ಸೀಟಿ.

"ಕಪ್ಪೆಮರಿ ಎಲ್ಲಿ? ಗೂಟದ ಈಚೆಗೇ ಇದ್ದಾಳಾ? ಹಗ್ಗ ಕೈಲಿದೆಯಾ?" ಎಂದು ಅಕ್ಕ ಶುರುಮಾಡಿದಳು.

ಆ ಕಡೆಯಿಂದ ಅಡುಗೆಯವಳು ಏನೋ ಗದರಿದಳು. ಫೋನ್ ಕಟ್ಟಾಯಿತು. ಅಕ್ಕ ಅಲ್ಲಿ ಕಲಿತ ಆ ಭಾಷೆ ನನಗೆ ಬಾರದು. ಏನಂದಳು ಎಂದು ಕೇಳಿದೆ.

"ನೀರು ನೋಡೋವಾಗ ಮಾತಾಡಿಸ್ಬೇಡಿ, ಫೋನ್ ಇಡಿ ಅಂದ್ಲು," ಅಂದಳು ಅಕ್ಕ.

ಬೈಸಿಕೊಂಡ ಮುಖದಲ್ಲೇ ಫೋನ್ ಕೆಳಗಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, "ಹಸಿವಾಗ್ತಿದೆ ಕಣೋ. ತಿನ್ನೋಕೆ ಏನಿದೆ?" ಅಂದಳು.