ಸೆರಗಿನ ಮರೆಯ ಮದರ್‌ಬೋರ್ಡ್

ಅಂಗಡಿಯವರನ್ನು ನಾನು ನಂಬುವವಳಲ್ಲ. ಕಂಪ್ಯೂಟರ್ ಅಂಗಡಿಯವರನ್ನಂತೂ ನಂಬುವುದೇ ಇಲ್ಲ. ಬದನೆಕಾಯಿಯಾದರೆ ಹಿಚುಕಿ ನೋಡಬಹುದು, ಇದರಲ್ಲಿ ಏನನ್ನು ಹಿಚುಕುವುದು?

ಬಸವನ ಬಾಗೇವಾಡಿಯ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಡಿಸೈನ್ ಮಾಡಿಕೊಂಡಿದ್ದೆ. ಮಾಲೀಕರ ಜೊತೆ ಜಗಳಾಡಿ ಹೊರಬಿದ್ದೆ. ಆಮೇಲೆ ಒಬ್ಬ ಫೋಟೊಗ್ರಾಫರ್ ಒಂದು ಮದುವೆಯ ಕೆಲಸ ಕೊಟ್ಟರು. ಮೊದಲು ಅರಿಶಿನದ ಫೋಟೊ, ಅಕ್ಕಿಕಾಳಿನವು, ಅಂದರೆ ಮುಹೂರ್ತದವು, ಆಮೇಲೆ ಎಂದಿದ್ದರು. ಅದು ಚೆನ್ನಾದರೆ ಈ ಸೀಸನ್ನಿನ ಮದುವೆಗಳೆಲ್ಲ ನನಗೆ. ಕೆಟ್ಟರೆ ಅದೇ ಸ್ಟುಡಿಯೋದ ಬಾಗಿಲಿಗೆ ತಲೆ ತಗ್ಗಿಸಿಕೊಂಡು ಹೋಗಬೇಕು. ಮನೆಯ ಹಳೆಯ ಕಂಪ್ಯೂಟರ್ ನಾಲ್ಕು ಫೋಟೊ ತೆರೆದರೆ ಏದುಸಿರು ಬಿಡುತ್ತಿತ್ತು. ಹೊಸದನ್ನು ಬಿಡಿಭಾಗ ತಂದು ನಾನೇ ಜೋಡಿಸಲು ನಿಶ್ಚಯಿಸಿದೆ. ಅಂಗಡಿಯವರೇ ಜೋಡಿಸಿದರೆ ಒಳಗೆ ಏನು ತುರುಕುತ್ತಾರೋ ಯಾರು ಕಂಡರು.

ನಮ್ಮತ್ತೆಯ ತವರಿನವರು ಎತ್ತಿನ ವ್ಯಾಪಾರದವರು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುವ ಮನೆತನ.

"ಎರಡೂ ಎತ್ತು ಒಬ್ಬನ ಕಡೆ ತಗೋಬ್ಯಾಡವಾ. ಛಲೋದರ ಜೋಡಿ ಕುಂಟೆತ್ತು ಗಂಟ ಹಾಕ್ತಾನ. ಮನ್ಯಾಗ ಎಂಥಾ ಎತ್ತು ಐತಿ ಅಂತನೂ ಹೇಳಬ್ಯಾಡ, ರೇಟ್ ಏರಸ್ತಾನ" ಎಂದರು ಅತ್ತೆ.

ಮಾತು ನನ್ನ ಸ್ವಭಾವಕ್ಕೆ ಸರಿಯಾಗಿಯೇ ಇತ್ತು. ಮದರ್‌ಬೋರ್ಡ್ ಸಿಂದಗಿಯಲ್ಲಿ ಕೊಂಡೆ, ಪ್ರೊಸೆಸರ್ ಮುದ್ದೇಬಿಹಾಳದಲ್ಲಿ. ಬೋರ್ಡಿನ ಡಬ್ಬಿಯ ಮೇಲೆ ಬರೆದದ್ದನ್ನು ಓದಿಕೊಂಡು ಹೋಗಿದ್ದರಿಂದ ಪ್ರೊಸೆಸರ್ ಸರಿಯಾಗಿ ಕೂತಿತು. ಉಳಿದದ್ದು ರ‍್ಯಾಮ್. ಅದಕ್ಕೆ ಇಂಡಿ ಊರಿನ ಬಸ್ಸು ಹಿಡಿದೆ. ಬೋರ್ಡ್ ಚೀಲದಲ್ಲಿತ್ತು, ಚೀಲ ಸೆರಗಿನ ಮರೆಯಲ್ಲಿತ್ತು.

"ಯಾವ ಬೋರ್ಡಿಗ್ರಿ ಅಕ್ಕಾರ?" ಎಂದ ಅಂಗಡಿಯವ.

"ಬೋರ್ಡ್ ಐತ್ರಿ. ನೀವು ಛಲೋ ರ‍್ಯಾಮ್ ಕೊಡ್ರಿ."

"ತೋರಿಸಿದ್ರ ಛಲೋ ಆಗ್ತಿತ್ತು."

ಯಾಕೆ ತೋರಿಸಬೇಕು? ಬೇರೆ ಅಂಗಡಿಯ ಮಾಲೆಂದು ಗೊತ್ತಾದರೆ ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು ತನ್ನದನ್ನೇ ತಲೆಗೆ ಕಟ್ಟುತ್ತಾನೆ. "ಮನ್ಯಾಗ ಐತ್ರಿ" ಎಂದುಬಿಟ್ಟೆ. ಆತ ನನ್ನ ಸೆರಗಿನ ಉಬ್ಬನ್ನೊಮ್ಮೆ ನೋಡಿ, ಈಗ ಎಲ್ಲರೂ ಒಯ್ಯುವುದು ಇದನ್ನೇ ಎಂದು ಒಂದನ್ನು ಕೊಟ್ಟ.

ಮನೆಗೆ ಬಂದು ಕೂರಿಸಿದರೆ ಕೂರಲೊಲ್ಲದು. ರ‍್ಯಾಮಿನ ಅಂಚಿನ ಕಚ್ಚು ಒಂದು ಕಡೆ, ಬೋರ್ಡಿನ ಸಂದಿಯೊಳಗಿನ ಅಡ್ಡ ಇನ್ನೊಂದು ಕಡೆ. ಮೊಬೈಲಿನ ಬೆಳಕು ಹಿಡಿದಿದ್ದ ಅತ್ತೆ "ಡುಪ್ಲಿಕೇಟ್ ಕೊಟ್ಟಾನ" ಎಂದು ತೀರ್ಪು ಕೊಟ್ಟರು. ನನಗೂ ಹಾಗೆಯೇ ಅನಿಸಿತು. ಮರುದಿನ ಮತ್ತೆ ಇಂಡಿಗೆ ಹೋಗಿ, ಸಿಟ್ಟಿನಲ್ಲಿ ಬೋರ್ಡನ್ನೇ ಅವನ ಮೇಜಿನ ಮೇಲಿಟ್ಟೆ.

"ನಿಮ್ಮ ಬೋರ್ಡ್ ಹಳೇ ನಮೂನಿ ರ‍್ಯಾಮ್ ತಗೊಳ್ಳೂದ್ರಿ, ನಾ ಕೊಟ್ಟದ್ದು ಹೊಸಾ ನಮೂನಿ. ತೋರಸದ ಜೋಡಿ ಹೆಂಗ ಆಗ್ತೈತ್ರಿ?" ಎಂದು ತಕರಾರಿಲ್ಲದೆ ಬದಲಿಸಿಕೊಟ್ಟ. ಇಷ್ಟು ಸಲೀಸಾಗಿ ಬದಲಿಸಿದನೆಂದರೆ ಏನೋ ಇದೆ ಎಂದು, ಅಲ್ಲೇ ಹಾಕಿಸಿ, ಪರದೆ ಬೆಳಗಿದ ಮೇಲೆ ಎದ್ದೆ.

ಹೊಸ ಕಂಪ್ಯೂಟರಿನಲ್ಲಿ ಅರಿಶಿನದ ಫೋಟೊಗಳನ್ನು ಮುಗಿಸಿ ಕಳಿಸಿದೆ. ಮದುಮಗಳ ಕಪ್ಪು ಬಣ್ಣವನ್ನು ಇದ್ದಂತೆಯೇ ಬಿಟ್ಟಿದ್ದೆ, ಚೆಂದ ಕಾಣುತ್ತಿದ್ದಳು. ಅಕ್ಕಿಕಾಳಿನ ಫೋಟೊ ಬರಲೇ ಇಲ್ಲ. ಕೊನೆಗೆ ಫೋಟೊಗ್ರಾಫರ್ ತಾವೇ ಬಂದರು.

"ಅವನ್ನ ನಿಮ್ಮ ಹಳೇ ಸ್ಟುಡಿಯೋಕ ಕೊಟ್ಟಿದ್ನಿರಿ ಅಕ್ಕಾರ. ಎಲ್ಲಾ ಒಬ್ಬರ ಕೈಯಾಗ ಹೆಂಗ ಕೊಡೂದು? ಈಗ ಬೀಗರು, ಮದುಮಗಳು ಒಬ್ಬಾಕಿನೋ ಇಬ್ಬರೋ ಅಂತ ಕೇಳಾಕತ್ತಾರ."

ಅಲ್ಲಿ ಅವಳನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಇವರನ್ನೇ ನಂಬಿ ನಾನು ಊರೂರು ಅಲೆದಿದ್ದೆ.

"ಎಲ್ಲಾ ಫೋಟೊ ಇಲ್ಲಿ ಇಡ್ರಿ. ತೋರಸದ ಜೋಡಿ ಹೆಂಗ ಆಗ್ತೈತ್ರಿ?" ಎಂದೆ. ಅಂದ ಮೇಲೆ ಅದು ಇಂಡಿ ಅಂಗಡಿಯವನ ಮಾತೆಂದು ಹೊಳೆದು ನಾಲಿಗೆ ಕಚ್ಚಿಕೊಂಡೆ.

ಅವರು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ಇಟ್ಟವರು ಅದರ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ. ನಾನು ಆ ಕೈಯನ್ನೇ ನೋಡುತ್ತ ಕೂತೆ.